ಹಿಂಜರಿತ ಬಂದರೆ ಹೈಬ್ರಿಡ್ ಕಾರಿಗೆ ಬೇಡಿಕೆ ಏರುತ್ತಾ, ಇಳಿಯುತ್ತಾ?

ಅರಸೀಕೆರೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕಳೆದ ವಾರ ದ್ವಿತೀಯ ಪಿಯುಸಿಯವರಿಗೆ ಬದಲಿ ಸರಕು, ಪೂರಕ ಸರಕು ಹೇಳಿಕೊಡುತ್ತಿದ್ದೆ. ಒಂದರ ಜೊತೆ ಇನ್ನೊಂದು ಬೇಕಾಗುವ ಪೂರಕ ಸರಕಿಗೆ ಕಾರು ಮತ್ತು ಪೆಟ್ರೋಲಿನ ಉದಾಹರಣೆ ಕೊಟ್ಟೆ. ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. "ಸರ್, ಆರ್ಥಿಕ ಹಿಂಜರಿತ ಬಂದರೆ ಜನರ ಕೈಯಲ್ಲಿ ದುಡ್ಡಿರಲ್ಲ. ಆಗ ಪೆಟ್ರೋಲ್ ಉಳಿಸೋ ಹೈಬ್ರಿಡ್ ಕಾರಿಗೆ ಬೇಡಿಕೆ ಜಾಸ್ತಿ ಆಗಬೇಕು ಅಲ್ವಾ?" ಎಂದಳು. ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟರೂ ಇರುವ ಕಾರು.

ಅವಳ ಪಕ್ಕದವಳು ಕೂತಲ್ಲಿಂದಲೇ "ಹೈಬ್ರಿಡ್ ಕಾರೇ ದುಬಾರಿ ಕಣೇ, ದುಡ್ಡಿಲ್ಲದವರು ಹೇಗೆ ತಗೋತಾರೆ?" ಎಂದಳು. ತರಗತಿ ಎರಡು ಪಂಗಡವಾಯಿತು. ನನಗೆ ಇಬ್ಬರ ಮಾತೂ ಸರಿ ಅನ್ನಿಸಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಸೋಮವಾರ ಹೇಳುತ್ತೇನೆ ಎಂದು ಬಂದಿದ್ದೇನೆ.

ಬೋರ್ಡಿನ ಮೇಲೆ ಬೇಡಿಕೆ, ಪೂರೈಕೆಯ ಎರಡು ಗೆರೆ ಎಳೆದು ಉತ್ತರ ಕೊಡಬಹುದು. ಆದರೆ ಆ ಹುಡುಗಿ ಯೋಚನೆ ಮಾಡಿ ಕೇಳಿದ್ದಾಳೆ. ನಿಜವಾಗಿ ಏನು ನಡೆಯಿತು ಎಂದು ಅವಳಿಗೆ ಹೇಳಬೇಕು ಅನ್ನಿಸುತ್ತದೆ. 2008ರ ಹಿಂಜರಿತವನ್ನು ಅಮೆರಿಕದಲ್ಲೋ ಜಪಾನಿನಲ್ಲೋ ಇದ್ದು ಕಂಡವರು ಇಲ್ಲಿ ಯಾರಾದರೂ ಇದ್ದೀರಾ? ನನ್ನ ವಿದ್ಯಾರ್ಥಿಗಳು ಹುಟ್ಟಿದ್ದೇ ಆ ವರ್ಷದ ಆಸುಪಾಸಿನಲ್ಲಿ. ಅವರಿಗೆ ಅದೆಲ್ಲ ಕಥೆ.

ಮಂಡ್ಯದ ಮಹೇಶ

ಸರ್, ನನಗೆ ಅನ್ನಿಸುವುದು ಇಷ್ಟು. ಹೈಬ್ರಿಡ್ ಕೊಳ್ಳುವವರು ಅನುಕೂಲಸ್ಥರು. ಅವರಿಗೆ ಹಿಂಜರಿತ ಅಷ್ಟಾಗಿ ತಟ್ಟುವುದಿಲ್ಲ. ಹಾಗಾಗಿ ಬೇಡಿಕೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಫ್ರೀಮಾಂಟ್ ಅಕ್ಕ

ಮೇಷ್ಟ್ರೇ, ನೀವು ಅರಸೀಕೆರೆ, ನಾನು ತಿಪಟೂರು. ಪಕ್ಕದ ಊರಿನವರು ಕೇಳಿದ ಮೇಲೆ ಸುಮ್ನೆ ಇರಲು ಆಗುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ.

ನಾನು 1999ರಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಅಕೌಂಟ್ಸ್ ಕೆಲಸ. ನಮ್ಮಪ್ಪ ತಿಪಟೂರಿನಲ್ಲಿ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಖರ್ಚು ಮಾಡಿದ ದಿನವೇ ಬರೆದಿಡುವ ಅಭ್ಯಾಸ ಅವರಿಂದ ಬಂತು. ಪೆಟ್ರೋಲ್ ಹಾಕಿಸಿದ ಲೆಕ್ಕಕ್ಕೇ ಒಂದು ಪುಸ್ತಕ ಇಟ್ಟಿದ್ದೆ. 2008ರದ್ದು ಇನ್ನೂ ಇದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಆಗ ನಮ್ಮನೆಯಲ್ಲಿದ್ದದ್ದು 2001ರ ಟೊಯೊಟಾ ಕ್ಯಾಮ್ರಿ ಕಾರು. ದಿನಾ ಡಂಬಾರ್ಟನ್ ಸೇತುವೆ ದಾಟಿ ಪಾಲೊ ಆಲ್ಟೊಗೆ ಕೆಲಸಕ್ಕೆ ಹೋಗುತ್ತಿದ್ದೆ. 2008ರ ಜೂನ್ 14, ಶನಿವಾರ: ಗ್ಯಾಲನ್‌ಗೆ 4 ಡಾಲರ್ 59 ಸೆಂಟ್ ಎಂದು ಬರೆದಿದ್ದೇನೆ. ಒಂದು ಗ್ಯಾಲನ್ ಎಂದರೆ ಮೂರೂಮುಕ್ಕಾಲು ಲೀಟರು. ಟ್ಯಾಂಕ್ ತುಂಬಿಸಿ ಬಂದವಳು ಮನೆಗೆ ಬರುತ್ತಲೇ "ಪ್ರಿಯಸ್ ತಗೊಂಡುಬಿಡೋಣ" ಎಂದೆ. ಪ್ರಿಯಸ್ ಎಂದರೆ ಟೊಯೊಟಾದ ಹೈಬ್ರಿಡ್ ಕಾರು. ಅವತ್ತು ಸಂಜೆಯೇ ಹೋದೆವು.

ಶೋರೂಮಿನಲ್ಲಿ ಒಂದೂ ಪ್ರಿಯಸ್ ಇರಲಿಲ್ಲ. ಓಡಿಸಿ ನೋಡಲಿಕ್ಕೂ ಇರಲಿಲ್ಲ. ಆ ಬೇಸಿಗೆಯಲ್ಲಿ ಟೊಯೊಟಾಗೆ ಬೇಕಾದಷ್ಟು ಬ್ಯಾಟರಿ ಸಿಗುತ್ತಿರಲಿಲ್ಲ. ಬೇಡಿಕೆಗೆ ತಕ್ಕಷ್ಟು ಕಾರು ಮಾಡಲು ಆಗುತ್ತಿರಲಿಲ್ಲ. ಕಂಪನಿಯ ಬೆಲೆ ಸುಮಾರು 22,000 ಡಾಲರ್. ಅದರ ಮೇಲೆ 3,000 ಕೊಟ್ಟರೆ ಬೇಗ ಕೊಡಿಸುತ್ತೇನೆ ಎಂದ ಮಾರುವವನು. ಒಂದು ಕಾರಿಗೆ ಹಾಗೆ ಮೇಲುದುಡ್ಡು ಕೇಳುವುದು ನನಗೆ ಸರಿ ಕಾಣಲಿಲ್ಲ. ನಮ್ಮನೆಯವರು ಕೊಟ್ಟುಬಿಡೋಣ ಎಂದರೂ ನಾನು ಒಪ್ಪಲಿಲ್ಲ. 500 ಡಾಲರ್ ಮುಂಗಡ ಕೊಟ್ಟು ಸರದಿಯಲ್ಲಿ ಹೆಸರು ಬರೆಸಿ ಬಂದೆವು. ಆ ಕಾಲಕ್ಕೆ ಎರಡು ವರ್ಷ ಓಡಿದ ಹಳೆ ಪ್ರಿಯಸ್‌ಗೂ ಹೊಸದರ ಹತ್ತಿರ ಹತ್ತಿರ ಬೆಲೆ ಇತ್ತು. ನಿಮ್ಮ ಹಿಂದಿನ ಬೆಂಚಿನ ಹುಡುಗಿ ಆಗ ಬಂದು ನೋಡಿದ್ದರೆ ತನ್ನ ಮಾತೇ ನಿಜ ಎನ್ನುತ್ತಿದ್ದಳು. ಯಾಕೆಂದರೆ ಅಮೆರಿಕದಲ್ಲಿ ಹಿಂಜರಿತ 2007ರ ಡಿಸೆಂಬರ್‌ನಲ್ಲೇ ಶುರುವಾಗಿತ್ತು. ಹಿಂಜರಿತವೂ ಇತ್ತು, ಹೈಬ್ರಿಡ್‌ಗೆ ಸರದಿಯೂ ಇತ್ತು.

ಸೆಪ್ಟೆಂಬರ್ 15ಕ್ಕೆ ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು. ಅಕ್ಟೋಬರ್‌ನಲ್ಲಿ ನಮ್ಮನೆಯವರ ಕೆಲಸ ಹೋಯಿತು. ಚಿಪ್ ಕಂಪನಿಯೊಂದರಲ್ಲಿ ಒಂಬತ್ತು ವರ್ಷ ದುಡಿದಿದ್ದರು. ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಬಂದು, ಮಗಳನ್ನು ಶಾಲೆಯಿಂದ ತಾವೇ ಕರೆದುಕೊಂಡು ಬಂದರು. ಅವತ್ತು ರಾತ್ರಿ ಮನೆ ಸಾಲದ ಕಂತು, ಆಸ್ಪತ್ರೆ ವಿಮೆ, ದಿನಸಿ ಎಲ್ಲ ಕೂಡಿಸಿ ನನ್ನೊಬ್ಬಳ ಸಂಬಳದಲ್ಲಿ ಎಷ್ಟು ತಿಂಗಳು ನಡೆಯುತ್ತದೆ ಎಂದು ಲೆಕ್ಕ ಹಾಕಿದೆವು. ಹೊಸ ಕಾರು ಆ ಲೆಕ್ಕದಲ್ಲಿ ಇರಲೇ ಇಲ್ಲ.

ನವೆಂಬರ್‌ನಲ್ಲಿ ಅದೇ ಶೋರೂಮಿನಿಂದ ಫೋನ್ ಬಂತು. "ಮೇಡಂ, ನಿಮ್ಮ ಕಾರು ಬಂದಿದೆ. ಮೇಲಿನ 3,000 ಬೇಡ." ನಾನು ಬೇಡ ಎಂದೆ. ಮತ್ತೆ ಎರಡು ವಾರಕ್ಕೆ ಇನ್ನೊಂದು ಫೋನ್. ಈ ಸಲ ಯಾವ ಬಣ್ಣ ಬೇಕು ಎಂದು ಕೇಳಿದರು. ಕಂಪನಿ ಬೆಲೆಗಿಂತ ಕಡಿಮೆಗೇ ಕೊಡುತ್ತೇವೆ ಎಂದರು. ಬೇಡಿಕೆ ಇದ್ದಾಗ ಕಾರಿರಲಿಲ್ಲ, ಕಾರು ಬಂದಾಗ ಕೊಳ್ಳುವವರಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಪುಸ್ತಕದಲ್ಲಿ ಡಿಸೆಂಬರ್ 27ಕ್ಕೆ ಬರೆದಿರುವ ಬೆಲೆ 1 ಡಾಲರ್ 79 ಸೆಂಟ್. ಆರು ತಿಂಗಳಲ್ಲಿ ಅರ್ಧಕ್ಕಿಂತ ಕಡಿಮೆ. ಜುಲೈನಲ್ಲಿ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದ್ದ ಕಚ್ಚಾ ತೈಲ ಡಿಸೆಂಬರ್‌ನಲ್ಲಿ 40ರ ಕೆಳಗೆ ಬಿದ್ದಿತ್ತು. ಕಾರ್ಖಾನೆ ನಿಂತವು, ಲಾರಿ ನಿಂತವು, ಹಡಗು ನಿಂತವು. ಎಣ್ಣೆ ಯಾರಿಗೆ ಬೇಕು? ನಿಮ್ಮ ವಿದ್ಯಾರ್ಥಿನಿಯ ಲೆಕ್ಕದಲ್ಲಿ ಬಿಟ್ಟುಹೋಗಿರುವುದು ಇದೊಂದೇ. ಹಿಂಜರಿತ ಬಂದರೂ ಪೆಟ್ರೋಲ್ ಬೆಲೆ ಇದ್ದ ಹಾಗೇ ಇರುತ್ತದೆ ಎಂದು ಅವಳು ಇಟ್ಟುಕೊಂಡಿದ್ದಾಳೆ. ಹಿಂಜರಿತ ಜೋರಾದರೆ ಆ ಬೆಲೆಯನ್ನೂ ಕೆಳಗೆ ಎಳೆಯುತ್ತದೆ.

ಡಿಸೆಂಬರ್ 27ರ ರಾತ್ರಿ ನಾನು ಹಾಕಿದ ಲೆಕ್ಕ ಹೀಗಿದೆ. ವರ್ಷಕ್ಕೆ 12,000 ಮೈಲಿ ಓಡಾಟ. ಗ್ಯಾಲನ್‌ಗೆ ಟೊಯೊಟಾದ ಸಾಮಾನ್ಯ ಪೆಟ್ರೋಲ್ ಕಾರು ಕೊರೊಲಾ 30 ಮೈಲಿ, ಪ್ರಿಯಸ್ 46 ಮೈಲಿ. ಕೊರೊಲಾಗೆ 400 ಗ್ಯಾಲನ್ ಬೇಕು, ಪ್ರಿಯಸ್‌ಗೆ 261 ಸಾಕು. ಉಳಿಯುವುದು 139 ಗ್ಯಾಲನ್. ನಾಲ್ಕೂವರೆ ಡಾಲರ್ ಲೆಕ್ಕದಲ್ಲಿ ವರ್ಷಕ್ಕೆ 625 ಡಾಲರ್ ಉಳಿತಾಯ. 1 ಡಾಲರ್ 80 ಸೆಂಟ್ ಲೆಕ್ಕದಲ್ಲಿ ಬರೀ 250. ಎರಡು ಕಾರಿನ ಬೆಲೆಯಲ್ಲಿ ವ್ಯತ್ಯಾಸ ಸುಮಾರು 6,000 ಡಾಲರ್. ಜೂನ್‌ನಲ್ಲಿ ಹತ್ತು ವರ್ಷಕ್ಕೆ ವಸೂಲಾಗುತ್ತಿದ್ದ ದುಡ್ಡು ಡಿಸೆಂಬರ್‌ನಲ್ಲಿ ಇಪ್ಪತ್ತನಾಲ್ಕು ವರ್ಷ ಬೇಡುತ್ತಿತ್ತು. ಅಷ್ಟು ವರ್ಷ ಕಾರು ಎಲ್ಲಿ ಬಾಳುತ್ತದೆ?

ಅವಳ ಪಕ್ಕದಲ್ಲಿ ಕೂತ ಹುಡುಗಿ ಹೇಳಿದ್ದೂ ಸೇರಿತು. ಕೆಲಸ ಹೋದವರಂತೂ ಸರಿಯೇ. ಕೆಲಸ ಇದ್ದವರೂ "ಮುಂದಿನ ಸರದಿ ನಮ್ಮದೇನೋ" ಎಂದು ಹೊಸ ಕಾರಿನ ಮಾತೇ ಎತ್ತುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಆ ಚಳಿಗಾಲ ಒಂದೂ ಹೊಸ ಕಾರು ಬರಲಿಲ್ಲ. ಬ್ಯಾಂಕಿನವರು ಸಾಲಕ್ಕೆ ಕೈ ಬಿಗಿ ಹಿಡಿದರು. ಮನೆ ಬೆಲೆ ಬಿದ್ದಿದ್ದರಿಂದ ಮನೆ ಅಡ ಇಟ್ಟು ಕಾರು ತರುತ್ತಿದ್ದವರ ದಾರಿಯೂ ಮುಚ್ಚಿತು.

ಮಹೇಶ ಅವರೇ, ಅನುಕೂಲಸ್ಥರಿಗೆ ತಟ್ಟುವುದಿಲ್ಲ ಎಂದಿರಿ. ಪೂರ್ತಿ ಸುಳ್ಳಲ್ಲ. 2007ರಲ್ಲಿ ಅಮೆರಿಕದಲ್ಲಿ ಮಾರಾಟವಾದ ವಾಹನ ಸುಮಾರು 1 ಕೋಟಿ 61 ಲಕ್ಷ. 2009ರಲ್ಲಿ 1 ಕೋಟಿ 4 ಲಕ್ಷ. ನೂರಕ್ಕೆ 35ರಷ್ಟು ಕುಸಿತ. ಹೈಬ್ರಿಡ್ ಸುಮಾರು 3.5 ಲಕ್ಷದಿಂದ 2.9 ಲಕ್ಷಕ್ಕೆ ಇಳಿಯಿತು. ನೂರಕ್ಕೆ 18ರ ಹತ್ತಿರ. ಅಂದರೆ ಹೈಬ್ರಿಡ್ ಬಿತ್ತು, ಆದರೆ ಬೇರೆ ಕಾರುಗಳಷ್ಟು ಬೀಳಲಿಲ್ಲ. ನೂರು ವಾಹನದಲ್ಲಿ ಎರಡು ಚಿಲ್ಲರೆ ಇದ್ದದ್ದು ಮೂರರ ಹತ್ತಿರ ಹೋಯಿತು. ಮೇಷ್ಟ್ರೇ, ಇದನ್ನು ತರಗತಿಯಲ್ಲಿ ಬಿಡಿಸಿ ಹೇಳಿ. ಒಟ್ಟು ಸಂಖ್ಯೆ ನೋಡಿದರೆ ಒಬ್ಬಳು ಗೆಲ್ಲುತ್ತಾಳೆ, ಪಾಲು ನೋಡಿದರೆ ಇನ್ನೊಬ್ಬಳು.

ನಗೋಯಾ ಕನ್ನಡಿಗ

ಅಕ್ಕ ಬರೆದದ್ದು ಓದಿ ಆ ಚಳಿಗಾಲ ಪೂರ್ತಿ ಕಣ್ಣ ಮುಂದೆ ಬಂತು. ನಾನು 2007ರಲ್ಲಿ ಜಪಾನಿನ ಟೊಯೊಟಾ ಊರಿಗೆ ಬಂದೆ. ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಮೊದಲು ಕೊರೊಮೊ ಎಂದಿದ್ದ ಈ ಊರಿಗೆ 1959ರಲ್ಲಿ ಕಂಪನಿಯ ಹೆಸರನ್ನೇ ಇಟ್ಟರು. ಕಂಪನಿ ಕೆಮ್ಮಿದರೆ ಊರಿಗೇ ಜ್ವರ.

2008ರ ಕೊನೆಗೆ ಓವರ್‌ಟೈಮ್ ನಿಂತಿತು. ಗುತ್ತಿಗೆ ಕೆಲಸಗಾರರನ್ನು ಮೊದಲು ಕಳಿಸಿದರು. ನನ್ನ ಲೈನಿನಲ್ಲಿ ಬ್ರೆಜಿಲ್‌ನಿಂದ ಬಂದ ಆರು ಜನ ಇದ್ದರು. ಜನವರಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಏಪ್ರಿಲ್‌ನಲ್ಲಿ ಸರ್ಕಾರ ಅಂಥವರಿಗೆ ಊರಿಗೆ ಮರಳಲು ತಲಾ 3 ಲಕ್ಷ ಯೆನ್ ಕೊಡುತ್ತೇವೆ ಎಂದಿತು. ಅವರಲ್ಲಿ ಒಬ್ಬ ಅದನ್ನು ತೆಗೆದುಕೊಂಡು ಹೋದ. ಅವನನ್ನು ಬಸ್ಸಿಗೆ ಹತ್ತಿಸಿ ಬಂದ ದಿನ ನನಗೆ ಊಟ ಸೇರಲಿಲ್ಲ. 2009ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಟೊಯೊಟಾ 43,700 ಕೋಟಿ ಯೆನ್ ನಷ್ಟ ತೋರಿಸಿತು.

ಇಲ್ಲಿಯೂ ಪೆಟ್ರೋಲ್ ಇಳಿದಿತ್ತು. 2008ರ ಆಗಸ್ಟ್‌ನಲ್ಲಿ ಲೀಟರಿಗೆ 185 ಯೆನ್, ಜನವರಿಯಲ್ಲಿ 110ರ ಕೆಳಗೆ. ಅಕ್ಕ ಹೇಳಿದ ಲೆಕ್ಕದ ಪ್ರಕಾರ ಇಲ್ಲಿಯೂ ಹೈಬ್ರಿಡ್ ಬೀಳಬೇಕಿತ್ತು. ಆದದ್ದು ಉಲ್ಟಾ.

ಫೆಬ್ರವರಿಯಲ್ಲಿ ಹೋಂಡಾ 18.9 ಲಕ್ಷ ಯೆನ್‌ಗೆ ಇನ್‌ಸೈಟ್ ಎಂಬ ಹೈಬ್ರಿಡ್ ತಂದಿತು. ಪುಟ್ಟ ಎಂಜಿನ್ನಿನ ಚಿಕ್ಕ ಕಾರುಗಳನ್ನು ಬಿಟ್ಟರೆ, ಏಪ್ರಿಲ್‌ನಲ್ಲಿ ಅದು ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರು. ಹೈಬ್ರಿಡ್ ಒಂದು ಆ ಜಾಗಕ್ಕೆ ಬಂದದ್ದು ಅದೇ ಮೊದಲು. ಮೇ ತಿಂಗಳಲ್ಲಿ ಟೊಯೊಟಾ ಹೊಸ ಪ್ರಿಯಸ್ ಬಿಟ್ಟಿತು. ಬೆಲೆ 20.5 ಲಕ್ಷ ಯೆನ್‌ನಿಂದ ಶುರು. ಕಾರು ಹಳೆಯದಕ್ಕಿಂತ ದೊಡ್ಡದು, ಬೆಲೆ ಹಳೆಯದಕ್ಕಿಂತ ಕಡಿಮೆ. ಏಪ್ರಿಲ್‌ನಿಂದಲೇ ಸರ್ಕಾರ ಹೈಬ್ರಿಡ್‌ಗೆ ಖರೀದಿ ತೆರಿಗೆ, ತೂಕದ ತೆರಿಗೆ ಎರಡನ್ನೂ ಬಿಟ್ಟುಕೊಟ್ಟಿತ್ತು. ಅದರ ಮೇಲೆ 1 ಲಕ್ಷ ಯೆನ್ ಸಹಾಯಧನ. ಹದಿಮೂರು ವರ್ಷ ದಾಟಿದ ಹಳೆ ಕಾರನ್ನು ಗುಜರಿಗೆ ಹಾಕಿದರೆ 2.5 ಲಕ್ಷ. ಒಂದೇ ತಿಂಗಳಲ್ಲಿ 1.8 ಲಕ್ಷ ಪ್ರಿಯಸ್‌ಗೆ ಆರ್ಡರ್ ಬಂತು. ಪ್ರಿಯಸ್ ಮಾಡುವ ತ್ಸುತ್ಸುಮಿ ಕಾರ್ಖಾನೆಯಲ್ಲಿ ಮತ್ತೆ ಓವರ್‌ಟೈಮ್ ಶುರುವಾಯಿತು. ನಮ್ಮ ಲೈನೂ ಓಡಿತು. ಕಳಿಸಿದ ಆರು ಜನರನ್ನು ಯಾರೂ ವಾಪಸ್ ಕರೆಯಲಿಲ್ಲ.

2009ರಲ್ಲಿ ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಪ್ರಿಯಸ್. 2 ಲಕ್ಷ ದಾಟಿತು. 2010ರಲ್ಲಿ 3 ಲಕ್ಷ ದಾಟಿತು. ಇದು ಆ ಹಿಂಜರಿತದ ಬಿಸಿ ಇನ್ನೂ ಆರದಿದ್ದಾಗಲೇ ಶುರುವಾದದ್ದು, ಮೇಷ್ಟ್ರೇ.

ಫ್ರೀಮಾಂಟ್ ಅಕ್ಕ

ಆರು ಜನರ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ನೀವು ಬರೆದದ್ದು ನನ್ನ ಲೆಕ್ಕದ ಇನ್ನೊಂದು ಕಡೆಯನ್ನು ತೋರಿಸಿತು. ಇಲ್ಲಿ ಪ್ರಿಯಸ್‌ಗೆ 3,150 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಇತ್ತು. ಆದರೆ ಒಂದು ಕಂಪನಿ 60,000 ಹೈಬ್ರಿಡ್ ಮಾರಿದ ಮೇಲೆ ಅದು ಹಂತಹಂತವಾಗಿ ಇಳಿಯಬೇಕು ಎಂದು ಕಾನೂನು. ಟೊಯೊಟಾದ್ದು 2007ರ ಸೆಪ್ಟೆಂಬರ್‌ಗೇ ಮುಗಿದಿತ್ತು. ನಾವು ಸರದಿಯಲ್ಲಿ ನಿಲ್ಲುವ ಹೊತ್ತಿಗೆ ಅದು ಇರಲಿಲ್ಲ. ಜನರಿಗೆ ನಿಜವಾಗಿ ನೆರವು ಬೇಕಾದ ಹೊತ್ತಿನಲ್ಲಿ ನೆರವು ಹೋಗಿತ್ತು. ಇದು ತಪ್ಪು ಎಂದು ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಕಂಪನಿಗಳೂ ಕಂಗಾಲಾಗಿದ್ದವು. 2008ರ ಜುಲೈನಲ್ಲಿ, ಪೆಟ್ರೋಲ್ ತುದಿ ಮುಟ್ಟಿದ್ದಾಗ, ಮಿಸಿಸಿಪ್ಪಿಯ ಬ್ಲೂ ಸ್ಪ್ರಿಂಗ್ಸ್‌ನಲ್ಲಿ ಕಟ್ಟುತ್ತಿದ್ದ ಕಾರ್ಖಾನೆಯಲ್ಲಿ ಪ್ರಿಯಸ್ ಮಾಡುತ್ತೇವೆ ಎಂದು ಟೊಯೊಟಾ ಹೇಳಿತು. ಡಿಸೆಂಬರ್‌ನಲ್ಲಿ ಆ ಕೆಲಸವನ್ನೇ ನಿಲ್ಲಿಸಿತು. ಕೊನೆಗೆ 2011ರಲ್ಲಿ ಕಾರ್ಖಾನೆ ಶುರುವಾದಾಗ ಅಲ್ಲಿಂದ ಹೊರಬಂದದ್ದು ಕೊರೊಲಾ.

ಇನ್ನೊಂದು ಮಾತು. 2010ರಲ್ಲಿ ಇಲ್ಲಿ ಒಟ್ಟು ಕಾರು ಮಾರಾಟ ಚೇತರಿಸಿತು. ಹೈಬ್ರಿಡ್ ಮಾತ್ರ ಇನ್ನೂ ಇಳಿದು ಸುಮಾರು 2.7 ಲಕ್ಷಕ್ಕೆ ಬಂತು. ಅದು ಎದ್ದದ್ದು 2012ರಲ್ಲಿ, ಪೆಟ್ರೋಲ್ ಮತ್ತೆ ಮೂರೂವರೆ ಡಾಲರ್ ದಾಟಿದ್ದಾಗ. ಆಗ 4 ಲಕ್ಷ ಮೀರಿತು. ಇದನ್ನು ನೋಡಿದರೆ ಹೈಬ್ರಿಡ್ ಕಣ್ಣಿಟ್ಟಿರುವುದು ಪೆಟ್ರೋಲ್ ಬಂಕಿನ ಬೋರ್ಡಿನ ಮೇಲೆ. ಹಿಂಜರಿತ ಬಂತೇ, ಹೋಯಿತೇ ಎಂಬುದು ಆಮೇಲೆ.

ನಮ್ಮ ಕಾರಿನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. 2009ರ ಮಾರ್ಚ್‌ನಲ್ಲಿ ನಮ್ಮನೆಯವರಿಗೆ ಕಡಿಮೆ ಸಂಬಳದ್ದಾದರೂ ಒಂದು ಕೆಲಸ ಸಿಕ್ಕಿತು. ಅದೇ ಹೊತ್ತಿಗೆ ಎರಡು ಬೀದಿ ಆಚೆಯವರು ಮನೆ ಕಳೆದುಕೊಂಡು ಟೆಕ್ಸಸ್‌ಗೆ ಹೊರಟಿದ್ದರು. ಅವರ 2006ರ ಪ್ರಿಯಸ್ ಮಾರಾಟಕ್ಕಿತ್ತು. ಬಂಪರಿನ ಮೇಲೆ ಹಳದಿ ಚೀಟಿ. ಆ ಚೀಟಿ ಇದ್ದರೆ ಒಬ್ಬರೇ ಕೂತಿದ್ದರೂ, ಹೆಚ್ಚು ಜನ ಕೂತ ಕಾರಿಗೆ ಮೀಸಲಾದ ಕಾರ್‌ಪೂಲ್ ಲೇನಿನಲ್ಲಿ ಆಗ ಹೋಗಬಹುದಿತ್ತು. ಕ್ಯಾಲಿಫೋರ್ನಿಯಾ ಅಂಥ 85,000 ಚೀಟಿ ಮಾತ್ರ ಕೊಟ್ಟಿತ್ತು, ಅವು ಕಾರಿನ ಜೊತೆಯೇ ಹೋಗುತ್ತಿದ್ದವು. 12,500 ಡಾಲರ್ ಕೊಟ್ಟು ತಂದೆವು. ಅವರು ಕೇಳಿದ್ದೇ ಅಷ್ಟು. ನಾನು ಚೌಕಾಸಿ ಮಾಡಲಿಲ್ಲ. ಪೆಟ್ರೋಲ್ ಆಗ ಎರಡು ಡಾಲರ್ ಆಸುಪಾಸಿನಲ್ಲಿತ್ತು. ಪೆಟ್ರೋಲ್ ಉಳಿತಾಯಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಸೇತುವೆ ಮೇಲೆ ಉಳಿಯುವ ಇಪ್ಪತ್ತು ನಿಮಿಷಕ್ಕೆ ಆ ಕಾರು ಕೊಂಡೆ. ಹೊಸ ಕಾರಿನ ಲೆಕ್ಕದಲ್ಲಿ ನಮ್ಮ ಖರೀದಿ ಎಲ್ಲೂ ಕಾಣುವುದಿಲ್ಲ. ಹಿಂಜರಿತದಲ್ಲಿ ನಮ್ಮ ಹಾಗೆ ಹಳೆ ಕಾರಿನ ಕಡೆ ತಿರುಗಿದವರೂ ಇದ್ದರು, ಮೇಷ್ಟ್ರೇ. ಅದನ್ನೂ ಹೇಳಿ.

ಬಸವನಗುಡಿ ಕಾರು ವ್ಯಾಪಾರಿ

ನಮ್ಮ ಕಡೆಯದ್ದೂ ಸ್ವಲ್ಪ ಸೇರಿಸುತ್ತೇನೆ. 2008ರಲ್ಲಿ ನಾನು ಬೆಂಗಳೂರಿನ ಶೋರೂಮೊಂದರಲ್ಲಿ ಸೇಲ್ಸ್ ಹುಡುಗ. ಆ ಜೂನ್‌ನಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಬಂತು. ಹೊರದೇಶದಿಂದ ತಂದ ಕಾರು, ಆಮದು ಸುಂಕ ಸೇರಿ ಸುಮಾರು 21.5 ಲಕ್ಷ. ಜನ ಬರುತ್ತಿದ್ದರು, ಬಾನೆಟ್ ತೆಗೆಸಿ ನೋಡುತ್ತಿದ್ದರು, ಟೀ ಕುಡಿದು ಹೋಗುತ್ತಿದ್ದರು. ವರ್ಷದ ಕೊನೆಗೆ ಕಂಪನಿ ಬೆಲೆಯನ್ನು ಸುಮಾರು 8 ಲಕ್ಷ ಇಳಿಸಿತು. ಐಟಿಯವರೆಲ್ಲ ಹೆದರಿದ್ದ ಅದೇ ತಿಂಗಳಲ್ಲಿ ನಾನು ಮೂರು ಕಾರು ಮಾರಿದೆ.

ನಮ್ಮಲ್ಲಿ ಒಂದು ವ್ಯತ್ಯಾಸ ಇದೆ. ಕಚ್ಚಾ ತೈಲ ಇಳಿದರೂ ಬಂಕಿನಲ್ಲಿ ಅಷ್ಟೇ ಇಳಿಯುತ್ತದೆ ಎಂದೇನಿಲ್ಲ. 2020ರ ಮೇ ತಿಂಗಳಲ್ಲಿ ಕೊರೊನಾದಿಂದ ತೈಲ ನೆಲಕಚ್ಚಿದಾಗ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲಿನ ಸುಂಕವನ್ನು ಲೀಟರಿಗೆ 10 ರೂಪಾಯಿ ಏರಿಸಿತು. ಮರುವರ್ಷ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಲೀಟರ್ 100 ರೂಪಾಯಿ ದಾಟಿತು. ಹಾಗಾಗಿ ನಿಮ್ಮ ಹಿಂದಿನ ಬೆಂಚಿನ ಹುಡುಗಿಯ ಮಾತು ಅಮೆರಿಕಕ್ಕಿಂತ ನಮ್ಮ ದೇಶಕ್ಕೇ ಹೆಚ್ಚು ಹೊಂದುತ್ತದೆ.

ಆದರೆ ತೆರಿಗೆ ಆಟ ಇಲ್ಲೂ ಇದೆ. ಕ್ಯಾಮ್ರಿ ಹೈಬ್ರಿಡ್ ನಮ್ಮ ಬಿಡದಿಯಲ್ಲೇ 2013ರಿಂದ ಜೋಡಣೆಯಾಗುತ್ತಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಅದರ ಮೇಲಿನ ತೆರಿಗೆ ನೂರಕ್ಕೆ ಸುಮಾರು 30 ಇದ್ದದ್ದು ಸೆಸ್ ಸೇರಿ 43 ಆಯಿತು. ಆಗ ಹಿಂಜರಿತ ಏನೂ ಇರಲಿಲ್ಲ. ಆದರೂ ಕೇಳುವವರು ಕಡಿಮೆಯಾದರು.

ಅರಸೀಕೆರೆ ಮೇಷ್ಟ್ರು

ಎಲ್ಲರಿಗೂ ಹೃದಯದಿಂದ ಧನ್ಯವಾದ. ಸೋಮವಾರ ಏನು ಮಾಡಬೇಕು ಎಂದು ಗೊತ್ತಾಯಿತು. ಮೊದಲು ಗೆರೆ ಎಳೆಯುವುದಿಲ್ಲ. ಅಕ್ಕನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಹುಡುಗರಿಂದಲೇ ಭಾಗಾಕಾರ ಮಾಡಿಸುತ್ತೇನೆ. ಆಮೇಲೆ ಜಪಾನಿನ ಬೆಲೆ, ಸಹಾಯಧನ ಕೊಟ್ಟು ಮತ್ತೆ ಮಾಡಿಸುತ್ತೇನೆ. ಆ ಇಬ್ಬರು ಹುಡುಗಿಯರೇ ಮುಂದೆ ಬಂದು ಬರೆಯಲಿ.

ಅಕ್ಕ, ಒಂದು ಕೇಳಿಕೆ. ನಿಮ್ಮ ಆ ಪುಸ್ತಕದ ಜೂನ್ ಪುಟ, ಡಿಸೆಂಬರ್ ಪುಟ ಎರಡರ ಫೋಟೊ ಕಳಿಸಲು ಆಗುತ್ತಾ? ತಿಪಟೂರಿನವರ ಕೈಬರಹ ಎಂದರೆ ನಮ್ಮ ಮಕ್ಕಳು ಇನ್ನೂ ಹತ್ತಿರ ಬಂದು ನೋಡುತ್ತಾರೆ.

ಫ್ರೀಮಾಂಟ್ ಅಕ್ಕ

ಕಳಿಸಿದ್ದೇನೆ ಮೇಷ್ಟ್ರೇ, ಎರಡೂ ಪುಟ. ಅಂಕಿಗಳೆಲ್ಲ ಕನ್ನಡದಲ್ಲೇ ಇವೆ, ನಮ್ಮಪ್ಪ ಬರೆಯುತ್ತಿದ್ದ ಹಾಗೆ. ಡಿಸೆಂಬರ್ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಇನ್ನೊಂದು ಲೆಕ್ಕ ಕಾಣುತ್ತದೆ. ಅದು ಪೆಟ್ರೋಲಿನದ್ದಲ್ಲ, ಆ ತಿಂಗಳ ಮನೆ ಕಂತಿನದ್ದು. ಅದನ್ನು ಮುಚ್ಚಬೇಕಾಗಿಲ್ಲ. ಹುಡುಗಿಯರು ಕೇಳಿದರೆ ಅದೂ ಏನೆಂದು ಹೇಳಿ.